ವಟ್ಟ ಎಷ್ಟು ಹಿಡಿತಾರ?

"ಅಲ್ಲಿ ಯಾವ ರೊಕ್ಕ ನಡೀತದ?" ಅಂತ ಕೇಳಿದ್ಲು ಅಜ್ಜಿ.

ನಮ್ಮ ಅವ್ವನ ಅವ್ವ ಈಕಿ. ಸಿಂಧನೂರು ತಾಲೂಕಿನ್ಯಾಗ ತುಂಗಭದ್ರಾ ದಂಡಿಗಿರೋ ಊರು. ವಯಸ್ಸು ಎಂಬತ್ತೆಂಟು ಅಂತ ನಾವು ಹಿಡಕೊಂಡೀವಿ, ಆಕಿನ್ನ ಕೇಳಿದ್ರ "ಯಾರು ಬರದಿಟ್ಟಾರ" ಅಂತಾಳ. 2025ರ ಬ್ಯಾಸಗಿ ಸೂಟಿಗೆ ಸಿಂಗಪುರ, ಮಲೇಷ್ಯಾ ಕಡೆ ಹೊಂಟೀವಿ ಅಂತ ಹೇಳಿ ಕಾಲಿಗೆ ಬೀಳಾಕ ಹೋಗಿದ್ವಿ.

"ಡಾಲರ್ ಅಜ್ಜಿ. ಅಮೆರಿಕದ್ದಲ್ಲ, ಸಿಂಗಪುರದ್ದ ಬ್ಯಾರೆ ಡಾಲರ್ ಅದ" ಅಂದೆ.

"ಮತ್ತ ನಮ್ಮ ರೊಕ್ಕ ಕೊಟ್ರ ಆ ರೊಕ್ಕ ಕೊಡ್ತಾರೇನು?"

"ಹ್ಞೂಂ, ಬ್ಯಾಂಕಿನ್ಯಾಗ ಕೊಡ್ತಾರ. ನೋಟು ಬ್ಯಾಡಂದ್ರ ಒಂದು ಕಾರ್ಡಿನ್ಯಾಗ ತುಂಬಿ ಕೊಡ್ತಾರ."

"ವಟ್ಟ ಎಷ್ಟು ಹಿಡಿತಾರ?"

ನಾನು ರಾಯಚೂರಿನ ಪಿಯು ಕಾಲೇಜಿನ್ಯಾಗ ಕಾಮರ್ಸ್ ಹೇಳಾಕತ್ತಿ ಹದಿನೇಳು ವರ್ಷ ಆತು. ಬೋರ್ಡ್ ಮ್ಯಾಲ ಎಷ್ಟೋ ಸರ್ತಿ ಫಾರಿನ್ ಎಕ್ಸ್‌ಚೇಂಜ್ ಅಂತ ಬರದೀನಿ. ಆದ್ರ ಅಜ್ಜಿ ಕೇಳಿದ್ದಕ್ಕ ನನ್ನ ಹತ್ರ ಉತ್ತರ ಇರಲಿಲ್ಲ, ಯಾಕಂದ್ರ ಅಲ್ಲೀತನಕ ನಾನು ನೋಡಿದ್ದು ಬರೀ ಆ ಕಾರ್ಡಿನ (ಫಾರೆಕ್ಸ್ ಕಾರ್ಡ್ ಅಂತಾರ ಅದಕ್ಕ) ಜಾಹೀರಾತು, ಅದರಾಗ ಬೀಚು ಇತ್ತು, ಟೊಪಗಿ ಹಾಕ್ಕೊಂಡು ನಗೋ ಫ್ಯಾಮಿಲಿ ಇತ್ತು, "ಝೀರೋ ಇಶ್ಯೂ ಫೀ" ಅಂತ ದೊಡ್ಡಕ್ಷರದಾಗಿತ್ತು, ವಟ್ಟದ ಸುದ್ದಿ ಎಲ್ಲೂ ಇರಲಿಲ್ಲ.

ಆಕಿಗೆ ಈ ಮಾತು ಹೆಂಗ ಗೊತ್ತು ಅಂತ ಹೊರಗಿನವ್ರಿಗೆ ಅನ್ನಿಸಬಹುದು, ನಮ್ಮ ಕಡೆ ಹಳೇ ಮಂದಿಗೆಲ್ಲ ಗೊತ್ತು. ರಾಯಚೂರು ಆಗ ಹೈದರಾಬಾದ್ ನಿಜಾಮನ ರಾಜ್ಯ, ಹೊಳಿ ಆಚೆ ಸಿರುಗುಪ್ಪ, ಬಳ್ಳಾರಿ, ಆದವಾನಿ ಎಲ್ಲ ಬ್ರಿಟಿಷರ ಮದ್ರಾಸ್ ಪ್ರಾಂತ. ನಿಜಾಮನ ರಾಜ್ಯಕ್ಕ ತನ್ನದ ರೂಪಾಯಿ ಇತ್ತು, ಮಂದಿ ಅದಕ್ಕ ಹಾಲಿ ಅಂತಿದ್ರು, ಹಾಲಿ ಸಿಕ್ಕಾ. ಆಚೀದಕ್ಕ ಕಲ್ದಾರ. ಕಲ್ ಅಂದ್ರ ಮಷೀನು, ಮಷೀನಿನ್ಯಾಗ ಹೊಡೆದ ನಾಣ್ಯ ಅಂತ ಆ ಹೆಸರು. ಏಳು ಹಾಲಿ ಕೊಟ್ರ ಆರು ಕಲ್ದಾರ, ಇದು ಲೆಕ್ಕ. ಅಜ್ಜಿ ಅಪ್ಪ ಬಂಡಿ ಹೂಡಿಕೊಂಡು ಹತ್ತಿ ಮಾರಾಕ ಆದವಾನಿಗೆ ಹೋಗ್ತಿದ್ನಂತ, ಅಲ್ಲಿ ಕಲ್ದಾರದಾಗ ರೊಕ್ಕ ಬರೋದು, ಊರಿಗೆ ಬಂದು ಕಂದಾಯ ಕಟ್ಟಾಕ ಹಾಲಿ ಬೇಕು. ನಡುವ ಸಾಹುಕಾರ. ಅವ ಬದಲು ಮಾಡಿ ಕೊಡಾಕ ಹಿಡೀತಿದ್ದದ್ದ ವಟ್ಟ. ಹೈದರಾಬಾದ್ ಭಾರತಕ್ಕ ಸೇರಿದ ಮ್ಯಾಲೂ ಹಾಲಿ ರೊಕ್ಕ ಒಮ್ಮೆಲೇ ನಿಲ್ಲಲಿಲ್ಲ, 1951ಕ್ಕ ಹೊಸದಾಗಿ ಹೊರಡಿಸೋದು ನಿಂತ್ರೂ 1959ರತನಕ ಚಲಾವಣಿಯಾಗ ಇತ್ತು. ಅಷ್ಟರಾಗ ಅಜ್ಜಿಗೆ ಲಗ್ನ ಆಗಿ ಮಕ್ಕಳೂ ಆಗಿದ್ವು. ಅಂದ್ರ ಪಾಸ್‌ಪೋರ್ಟ್ ಇಲ್ಲದ ಹೆಣ್ಮಗಳು ಎರಡು ಕರೆನ್ಸಿಯಾಗ ಸಂಸಾರ ಮಾಡ್ಯಾಳ, ಎಂಎ ಮಾಡಿದ ನಾನು ಒಂದರಾಗ.

ಹಂಗಾಗಿ ಊರಿಂದ ಬಂದು ಕಾರ್ಡಿನ ವಿಚಾರ ಸೀರಿಯಸ್ಸಾಗಿ ತಗೊಂಡೆ.

ಮೊದಲು ಪ್ಯಾಕೇಜ್ ಟೂರ್ ಕೇಳಿದ್ವಿ. ನಾವು ನಾಲ್ಕು ಮಂದಿ, ನಾನು, ನಮ್ಮ ಮನಿಯವ್ರು, ಒಂಬತ್ತನೇ ಕ್ಲಾಸಿನ ಮಗಳು, ನಮ್ಮ ಅತ್ತಿ. ಏಜೆಂಟ್ ಎಲ್ಲ ಸೇರಿಸಿ ಒಂದು ರೇಟ್ ಹೇಳಿ, ಅದರ ಮ್ಯಾಲ ಟಿಸಿಎಸ್, ಅಂದ್ರ ರೊಕ್ಕ ಕಟ್ಟುವಾಗನ ಮುಂಗಡ ಹಿಡಿಯೋ ಟ್ಯಾಕ್ಸ್, ಬ್ಯಾರೆ ಅಂದ. ಫಾರಿನ್ ಟೂರ್ ಪ್ಯಾಕೇಜಿಗೆ ಆಗ ಮೊದಲ ರೂಪಾಯಿಯಿಂದನ ಶೇಕಡಾ 5 ಟಿಸಿಎಸ್ ಇತ್ತು. ಅದು ಕಳಕೊಳ್ಳೋ ರೊಕ್ಕ ಅಲ್ಲ, ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಹಾಕುವಾಗ ಹೊಂದಿಸ್ಕೊಬಹುದು, ಆದ್ರ ಅಲ್ಲೀತನಕ ನಮ್ಮ ಕೈಯಾಗ ಇರಂಗಿಲ್ಲ. ನಾವ ಟಿಕೆಟ್ ಮಾಡಿ, ನಾವ ಹೋಟೆಲ್ ಹಿಡದು, ಖರ್ಚಿಗೆ ಅಂತ ಫಾರಿನ್ ಕರೆನ್ಸಿ ತಗೊಂಡ್ರ ಲೆಕ್ಕ ಬ್ಯಾರೆ: 2025ರ ಏಪ್ರಿಲ್‌ನಿಂದ ವರ್ಷಕ್ಕ 10 ಲಕ್ಷದತನಕ ಟಿಸಿಎಸ್ ಇಲ್ಲ. "20 ಪರ್ಸೆಂಟ್ ಹಿಡಿತಾರಂತ್ರಿ ಮೇಡಂ" ಅಂತ ಸ್ಟಾಫ್ ರೂಮಿನ್ಯಾಗ ಹೆದರಿಸಿದವ್ರು ಭಾಳ ಮಂದಿ, ಅದು 10 ಲಕ್ಷ ದಾಟಿದ ಮ್ಯಾಲಿನ ಮಾತು, ನಾವು ದಾಟೋ ಮಂದಿ ಅಲ್ಲ.

ಆಮ್ಯಾಲ ಬ್ಯಾಂಕಿಗೆ ಹೋದೆ. ನಮ್ಮ ಸಂಬಳದ ಬ್ಯಾಂಕೇ, ಹೆಸರು ಬ್ಯಾಡ. ಕೌಂಟರಿನ್ಯಾಗಿದ್ದ ಹುಡುಗ ಭಾಳ ಒಳ್ಳೇವ. "ಮೇಡಂ, ಹಜ್‌ಗೆ ಹೋಗೋರು ರಿಯಾಲ್ ಕೇಳ್ತಾರ, ಓದಾಕ ಹೋಗೋ ಹುಡುಗರು ಅಮೆರಿಕದ ಡಾಲರ್ ಕೇಳ್ತಾರ, ಸಿಂಗಪುರ್ ಡಾಲರ್ ಕೇಳಿದವ್ರು ನನಗ ನೀವ ಮೊದಲು" ಅಂದ. ಕಾರ್ಡ್ ನಮ್ಮ ಬ್ರಾಂಚಿನ್ಯಾಗ ಸ್ಟಾಕ್ ಇರಲಿಲ್ಲ, ಆನ್‌ಲೈನಿನ್ಯಾಗ ಅರ್ಜಿ ಹಾಕಿದ್ರ ಮನಿಗೆ ಬರ್ತದ, ಪಾಸ್‌ಪೋರ್ಟ್, ಪ್ಯಾನ್, ಟಿಕೆಟ್, ವೀಸಾ ಕಾಪಿ, ಮತ್ತ ಎ2 ಅಂತ ಒಂದು ಫಾರ್ಮ್. ಆ ಫಾರ್ಮಿನ್ಯಾಗ ಯಾವ ಕಾರಣಕ್ಕ ವಿದೇಶಕ್ಕ ರೊಕ್ಕ ಒಯ್ತೀರಿ ಅಂತ ಬರಕೊಡಬೇಕು. ವರ್ಷಕ್ಕ ಒಬ್ಬರು ಎರಡೂವರೆ ಲಕ್ಷ ಅಮೆರಿಕನ್ ಡಾಲರಿನತನಕ ಒಯ್ಯಾಕ ರಿಸರ್ವ್ ಬ್ಯಾಂಕಿನ ಪರವಾನಗಿ ಅದ ಅಂತ ಅವ ಹೇಳಿದಾಗ ನಮ್ಮ ಮನಿಯವ್ರು "ಅಷ್ಟು ಇದ್ರ ನಾವು ವಾಪಸ್ ಯಾಕ ಬರ್ತೀವಿ" ಅಂದ್ರು.

ಹುಡುಗ ಒಂದು ಪ್ರಿಂಟ್ ಕೊಟ್ಟ. ಕಾರ್ಡಿಗೆ ಏನೇನು ಹಿಡಿತಾರ ಅಂತ ಬರದ ಚಾರ್ಜ್ ಶೀಟು. ಚಾರ್ಜ್ ಶೀಟ್ ಅಂದ್ರ ಪೊಲೀಸ್ರದ್ದು ನೆನಪಾಗ್ತದ, ಇದೂ ಹಂಗ ಇತ್ತು, ಇರುವಿ ಸಾಲಿನಂಥ ಅಕ್ಷರ, ಎರಡು ಪುಟ.

ಇಲ್ಲೆ ನಮ್ಮ ಅಪ್ಪನ ಸುದ್ದಿ ಬರ್ತದ. ಅಪ್ಪ ರಾಯಚೂರಿನ ರಾಜೇಂದ್ರ ಗಂಜಿನ್ಯಾಗ ಒಂದು ಅಡತಿ ಅಂಗಡಿಯಾಗ ಗುಮಾಸ್ತ ಇದ್ದ. ಹತ್ತಿ ಸೀಜನ್ ಬಂತಂದ್ರ ರಾತ್ರಿ ಹನ್ನೊಂದಕ್ಕ ಮನಿಗೆ ಬರ್ತಿದ್ದ, ಅಂಗಿ ಮ್ಯಾಲ, ಕಿವಿ ಮ್ಯಾಲ, ಹುಬ್ಬಿನ್ಯಾಗ ಹತ್ತಿ ಎಳಿ ಅಂಟಿರ್ತಿದ್ವು. ರೈತರಿಗೆ ಪಟ್ಟಿ ಬರಿಯೋದು ಅವನ ಕೆಲಸ. ಪಟ್ಟಿ ಅಂದ್ರ ಉದ್ದನ್ನ ಚೀಟಿ, ಮ್ಯಾಲ ಮಾಲು, ತೂಕ, ದರ, ಗುಣಿಸಿದ ಮೊತ್ತ, ಅದರ ಕೆಳಗ ಒಂದೊಂದ ಕಡಿತ, ಹಮಾಲಿ ಇಷ್ಟು, ತೂಕದ ಕೂಲಿ ಇಷ್ಟು, ದಲಾಲಿ ಇಷ್ಟು, ಮುಂಗಡ ಒಯ್ದಿದ್ರ ಅದು, ಅದರ ಬಡ್ಡಿ. ತೀರ ಕೆಳಗ ಒಂದು ಗೆರಿ ಹೊಡದು ಕೈಗೆ ಬರೋ ರೊಕ್ಕ. ಹೊಸ ರೈತ ಬಂದ್ರ ಮ್ಯಾಲಿನ ದರ ನೋಡಿ ಖುಷಿ ಆಗ್ತಾನ, ಹಳೇ ರೈತ ಚೀಟಿ ತಲಿಕೆಳಗ ಹಿಡದು ಕೆಳಗಿಂದ ಓದ್ತಾನ ಅಂತ ಅಪ್ಪ ಹೇಳ್ತಿದ್ದ. ತಾನು ಬರದ ಕಡಿತದ ಬಗ್ಗೆ ಮನ್ಯಾಗ ಹಿಂಗ ಮಾತಾಡೋದು ಅವನಿಗೆ ಏನನ್ನಿಸ್ತಿತ್ತೋ ನಾನು ಕೇಳಲಿಲ್ಲ, ಈಗ ಕೇಳಾಕ ಅವನಿಲ್ಲ.

ಅವತ್ತು ರಾತ್ರಿ ಹಳೇ ಕ್ಯಾಲೆಂಡರಿನ ಹಿಂಭಾಗ ಹರ್ಕೊಂಡು ಅಪ್ಪನ ನಮೂನಿಯಾಗನ ಪಟ್ಟಿ ಬರದೆ. ಎಡಕ್ಕ ಬ್ಯಾಂಕಿನ ಕಾರ್ಡು, ಬಲಕ್ಕ ಜಾಹೀರಾತಿನ "ಝೀರೋ ಫೀ" ಕಾರ್ಡು, ಅದನ್ನ ಹೈದರಾಬಾದಿನ ಒಂದು ಫಾರೆಕ್ಸ್ ಕಂಪನಿ ಕೊಡ್ತಿತ್ತು. ಲೆಕ್ಕಕ್ಕ 2,000 ಸಿಂಗಪುರ ಡಾಲರ್ ಹಿಡದೆ. ಅವತ್ತು ಗೂಗಲಿನ್ಯಾಗ ಒಂದು ಡಾಲರಿಗೆ 66 ರೂಪಾಯಿ ತೋರಸ್ತಿತ್ತು, ಅಂದ್ರ 1,32,000. ಬ್ಯಾಂಕಿನವ್ರ ದರ 67.60, ಕಾರ್ಡ್ ಮಾಡಿಸಾಕ 500, ಅದಕ್ಕ ಜಿಎಸ್‌ಟಿ ಸೇರಿ 590. ಝೀರೋದವ್ರ ದರ 68.10, ಫೀ ಇಲ್ಲ. ಕರೆನ್ಸಿ ಬದಲು ಮಾಡಿದ್ದಕ್ಕ ಜಿಎಸ್‌ಟಿ ಇಬ್ಬರದ್ದೂ ಹೆಚ್ಚುಕಡಿಮಿ 212 ರೂಪಾಯಿ. (ಇದು ಇಡೀ ಮೊತ್ತದ ಮ್ಯಾಲ 18 ಪರ್ಸೆಂಟ್ ಅಲ್ಲ, ಹೆದರಬ್ಯಾಡ್ರಿ. ಮೊದಲ ಒಂದು ಲಕ್ಷಕ್ಕ ಶೇಕಡಾ 1, ಅದರ ಮ್ಯಾಲ 10 ಲಕ್ಷದತನಕ ಶೇಕಡಾ ಅರ್ಧ, ಹಿಂಗ ಒಂದು ಬೆಲಿ ಕಟ್ಟಿ ಆ ಬೆಲಿ ಮ್ಯಾಲ 18.) ಗೆರಿ ಹೊಡದು ಕೂಡಿಸಿದೆ. ಬ್ಯಾಂಕಿಂದು 1,36,002. ಝೀರೋದು 1,36,413.

ಫೀ ಇಲ್ಲದ ಕಾರ್ಡು ಫೀ ಇರೋ ಕಾರ್ಡಿಗಿಂತ 411 ರೂಪಾಯಿ ತುಟ್ಟಿ. ಅಜ್ಜಿ ಕೇಳಿದ ವಟ್ಟ ಎಲ್ಲಿ ಅಡಗಿತ್ತಂದ್ರ ಆ 68.10ರ ಒಳಗ, ಫೀ ಅನ್ನೋ ಕಾಲಮ್ಮಿನ್ಯಾಗ ಹುಡುಕಿದ್ರ ಎಲ್ಲಿ ಸಿಗಬೇಕು? ಬ್ಯಾಂಕಿನವ್ರೂ ಏನು ಧರ್ಮಕ್ಕ ಕೊಡಾಕತ್ತಿರಲಿಲ್ಲ ಬಿಡ್ರಿ, ಅವ್ರ ವಟ್ಟಾನೂ ಎಲ್ಲ ಕೂಡಿ 4,000ದಷ್ಟಾತು, ನೂರಕ್ಕ ಮೂರು. ಪಟ್ಟಿಯಾಗ "ಮಾರ್ಕಪ್" ಅಂತ ಬರಿಯೋ ಜಾಗದಾಗ ನಾನು "ವಟ್ಟ" ಅಂತನ ಬರದೆ.

ನಮ್ಮ ಮನಿಯವ್ರು "ಇಷ್ಟೆಲ್ಲ ಯಾಕ, ನನ್ನ ಡೆಬಿಟ್ ಕಾರ್ಡ್ ಅಲ್ಲೂ ನಡೀತದಲ್ಲ" ಅಂದ್ರು. ನಡೀತದ. ಅದಕ್ಕೂ ಒಂದು ಕಾಲಮ್ ಹಾಕಿದೆ. ಅವ್ರ ಬ್ಯಾಂಕು ಫಾರಿನ್ ಖರ್ಚಿಗೆ ಶೇಕಡಾ 3.5 ಹಿಡಿತದ, ಆ ಹಿಡದದ್ದರ ಮ್ಯಾಲ ಜಿಎಸ್‌ಟಿ, ಅಂದ್ರ 4.13. ಅಷ್ಟ ಖರ್ಚಿಗೆ 5,450 ರೂಪಾಯಿ ವಟ್ಟ. ಸುಮ್ಮನಾದ್ರು. ಅದೂ ಅಲ್ಲದ ಡೆಬಿಟ್ ಕಾರ್ಡ್ ಅಂದ್ರ ಇಡೀ ಅಕೌಂಟಿನ ಬಾಗಿಲು, ಕಾರ್ಡ್ ಕಳದ್ರ ಸಂಬಳ, ಉಳಿತಾಯ ಎಲ್ಲಕ್ಕೂ ಕೈ ಹಾಕಬಹುದು. ಪ್ರಿಪೇಯ್ಡ್ ಕಾರ್ಡಿನ್ಯಾಗ ತುಂಬಿದಷ್ಟ ಇರ್ತದ, ಹಿತ್ತಲದಾಗ ಹೂತಿಟ್ಟ ಗಡಿಗಿಗೆ ಅದಕ್ಕ ಸಂಬಂಧ ಇಲ್ಲ. ನನಗ ಈ ಕಾರ್ಡಿನ್ಯಾಗ ಹಿಡಿಸಿದ್ದು ಇದ, ಮತ್ತ ತುಂಬಿದ ದಿನದ ದರ ಗಟ್ಟಿ ಆಗೋದು, ಆಮ್ಯಾಲ ರೂಪಾಯಿ ಬಿದ್ರೂ ಏನೂ ಆಗಂಗಿಲ್ಲ, ಎದ್ರ ಮಾತ್ರ ಹೊಟ್ಟಿ ಉರಿ.

ಖರೆ ಹೇಳಬೇಕಂದ್ರ ಇವೆರಡಕ್ಕಿಂತ ಅಗ್ಗ ಇನ್ನೊಂದದ, ಫಾರೆಕ್ಸ್ ಮಾರ್ಕಪ್ ಇಲ್ಲದ ಕ್ರೆಡಿಟ್ ಕಾರ್ಡು. ವೀಸಾ, ಮಾಸ್ಟರ್‌ಕಾರ್ಡಿನವ್ರ ದರಕ್ಕ ನೇರ ಬಿಲ್ಲು, ಮ್ಯಾಲ ಏನೂ ಇಲ್ಲ. ನಮಗ ಟೈಮ್ ಇರಲಿಲ್ಲ, ನಿಮಗ ಎರಡು ತಿಂಗಳು ಇದ್ರ ಮೊದಲು ಅದನ್ನ ನೋಡ್ರಿ. ಆದ್ರ ಅದನ್ನ ಎಟಿಎಮ್ಮಿಗೆ ಹಾಕಿ ನೋಟು ತಗಿಯಾಕ ಹೋಗಬ್ಯಾಡ್ರಿ, ಕ್ರೆಡಿಟ್ ಕಾರ್ಡಿಂದ ಕ್ಯಾಶ್ ತಗದ್ರ ಅವತ್ತಿಂದನ ಬಡ್ಡಿ ಓಡ್ತದ.

ಚಾರ್ಜ್ ಶೀಟಿನ ಎರಡನೇ ಪುಟದ ಮ್ಯಾಲ ಕಣ್ಣು ಬಿದ್ದದ್ದು ಮಗಳದ್ದು. "ಮಮ್ಮಿ, ಕ್ರಾಸ್ ಕರೆನ್ಸಿ ಅಂದ್ರ ಏನು?" ಕಾರ್ಡಿನ್ಯಾಗ ಹದಿನೈದಿಪ್ಪತ್ತು ದೇಶದ ಕರೆನ್ಸಿ ಇಡಬಹುದು, ಅಮೆರಿಕ, ಯುರೋ, ಪೌಂಡ್, ದಿರ್ಹಾಮ್, ಥಾಯ್ ಬಾತ್, ಸಿಂಗಪುರ ಎಲ್ಲ ಇದ್ದವು. ಮಲೇಷ್ಯಾದ ರಿಂಗಿಟ್ ಇರಲಿಲ್ಲ. ಇರಲಿಲ್ಲ ಅಂದ್ರ ಅಲ್ಲಿ ಕಾರ್ಡ್ ನಡಿಯಂಗಿಲ್ಲ ಅಂತಲ್ಲ, ನಡೀತದ, ಆದ್ರ ಸಿಂಗಪುರ ಡಾಲರ್ ಮುರಿದು ರಿಂಗಿಟ್ ಮಾಡಿ ಕೊಡ್ತದ, ಹಂಗ ಮುರಿಯಾಕ ಶೇಕಡಾ 3.5. ರೂಪಾಯಿಂದ ಡಾಲರಿಗೆ ಬರೂಮುಂದ ಒಂದು ವಟ್ಟ, ಡಾಲರಿಂದ ರಿಂಗಿಟ್ಟಿಗೆ ಹೋಗೂಮುಂದ ಇನ್ನೊಂದು. 2,000 ರಿಂಗಿಟ್ ಖರ್ಚಾದ್ರ ಸುಮಾರು 1,400 ರೂಪಾಯಿ ಬರೀ ಎರಡನೇ ವಟ್ಟಕ್ಕ. ಮಲ್ಟಿ ಕರೆನ್ಸಿ ಅಂತ ಬರದದ್ದು ನೋಡಿ ಎಲ್ಲ ದೇಶಕ್ಕೂ ಇದ ಸಾಕು ಅಂತ ತಿಳಕೊಳ್ಳೋದು ಭಾಳ ಸಲೀಸು. ವಿಯೆಟ್ನಾಮಿಗೆ ಹೋಗೋರಿಗೂ ಇದ ತಾಪತ್ರಯ, ಅಲ್ಲಿನ ಡಾಂಗ್ ಕಾರ್ಡಿನ ಪಟ್ಟಿಯಾಗ ಇರೋದು ಅಪರೂಪ. ಕಾರ್ಡ್ ಆರಿಸೋ ಮೊದಲು ನೋಡಬೇಕಾದ್ದು ಬೀಚಿನ ಫೋಟೊ ಅಲ್ಲ, ನಾವು ಹೋಗೋ ದೇಶದ ಹೆಸರು ಆ ಪಟ್ಟಿಯಾಗ ಅದನೋ ಇಲ್ಲೋ ಅನ್ನೋದು.

ಊರಾಗನ ರಿಂಗಿಟ್ ನೋಟು ಕೊಂಡ್ರಾತು ಅಂತ ಕೇಳಿ ನೋಡಿದ್ವಿ, ಗೂಗಲಿನ್ಯಾಗ 19.90 ಇದ್ದದ್ದಕ್ಕ 21.20 ಹೇಳಿದ್ರು. ಬ್ಯಾಡ ಅಂದೆ. ಸಿಂಗಪುರ, ಮಲೇಷ್ಯಾ ಅಂದ್ರ ನಮ್ಮ ಆದವಾನಿ, ಸಿಂಧನೂರು ಇದ್ದಂಗ, ನಡುವ ಒಂದು ನೀರು, ದಿನಾ ಮಂದಿ ಅತ್ಲಾಗ ಇತ್ಲಾಗ ಓಡ್ಯಾಡ್ತಾರ, ಅಲ್ಲಿ ವಟ್ಟ ಕಡಿಮಿ ಇರಾಕ ಬೇಕು ಅಂತ ನನ್ನ ಅಂದಾಜು. ಕೊನಿಗೆ 1,600 ಡಾಲರ್ ಕಾರ್ಡಿಗೆ ತುಂಬಿಸಿ, 400 ನೋಟು ತಗೊಂಡ್ವಿ. ನೋಟಿನ ದರ ಕಾರ್ಡಿಗಿಂತ ಯಾವತ್ತೂ ಒಂದು ಕೈ ಜಾಸ್ತಿನ. ನೋಟು ತಗೊಳ್ಳಾಕ ಒಂದು ಮಿತಿನೂ ಅದ, ಒಬ್ಬರಿಗೆ ಒಂದು ಟ್ರಿಪ್ಪಿಗೆ 3,000 ಅಮೆರಿಕನ್ ಡಾಲರಿನಷ್ಟು, ನಮ್ಮ ಮಟ್ಟಕ್ಕ ಅದು ಆಕಾಶ.

ಮೇ ತಿಂಗಳ ನಡುವ, ನಸುಕಿನ ಮೂರಕ್ಕ ರಾಯಚೂರು ಬಿಟ್ವಿ. ಶಕ್ತಿನಗರದ ಥರ್ಮಲ್ ಚಿಮಣಿ ದೀಪ, ಕೃಷ್ಣಾ ಬ್ರಿಜ್, ಅಲ್ಲಿಂದ ತೆಲಂಗಾಣ, ಶಂಷಾಬಾದ್ ಏರ್‌ಪೋರ್ಟ್. ಅತ್ತಿ ಚೀಲದಾಗ ಶೇಂಗಾ ಚಟ್ನಿ, ಕಟಕ ರೊಟ್ಟಿ ಒಂದು ಕಟ್ಟು, ಕೇಳಿದ್ರ "ನಿಮ್ಮ ಕಾರ್ಡ್ ನಡೀಲಿಲ್ಲಂದ್ರ?" ಅಂದ್ರು.

ಸಿಂಗಪುರದಾಗ ಕಾರ್ಡು ಚಲೋ ನಡೀತು. ಅಂಗಡಿ, ಊಟ, ಟ್ಯಾಕ್ಸಿ ಎಲ್ಲ ಕಡೆ ತಾಗಿಸಿದ್ರ ಆತು, ಮೊಬೈಲಿಗೆ ಇಷ್ಟು ಹೋತು ಇಷ್ಟು ಉಳೀತು ಅಂತ ತಕ್ಷಣ ಬರ್ತಿತ್ತು, ಮಗಳು ಅದಕ್ಕ ಲೆಕ್ಕದ ಮಂತ್ರಿ. ಮೆಟ್ರೋ ಗೇಟಿನ್ಯಾಗ ಮಾತ್ರ ಮರ್ಯಾದಿ ಹೋತು. ಒಂದ ಕಾರ್ಡಿನ್ಯಾಗ ನಾಲ್ಕೂ ಮಂದಿ ದಾಟಬಹುದು ಅಂತ ನಾನು ತಾಗಿಸಿ ಒಳಗ ಹೋದೆ, ಹೊರಳಿ ಅದನ್ನ ಅತ್ತಿಗೆ ಕೊಟ್ಟೆ, ಗೇಟು ಕೆಂಪು ದೀಪ ಹಾಕಿ ಕುಂಯ್ ಅಂತು. ಒಂದು ಕಾರ್ಡಿಗೆ ಒಬ್ಬರ. ಹಿಂದ ಸಾಲು ಬೆಳೀತು, ಅತ್ತಿ ಆಚೆ, ನಾನು ಈಚೆ, ನಡುವ ಗಾಜಿನ ಬಾಗಿಲು. ಫಾರಿನ್ ಕಾರ್ಡ್ ತಾಗಿಸಿದ್ರ ದಿನಕ್ಕ 60 ಸೆಂಟ್ ಜಾಸ್ತಿ ಬ್ಯಾರೆ. ಅಲ್ಲೆ ಮಷೀನಿನ್ಯಾಗ ಉಳಿದವ್ರಿಗೆ ಟ್ರಾವೆಲ್ ಕಾರ್ಡ್ ಮಾಡಿಸಿದ್ವಿ.

ದೊಡ್ಡ ತಪ್ಪು ಆಗಿದ್ದು ಅದಕ್ಕೂ ಮೊದಲ, ಹೋಟೆಲಿನ ಕೌಂಟರಿನ್ಯಾಗ, ಇಳಿದ ದಿನ. ರಾತ್ರಿಯೆಲ್ಲ ನಿದ್ದಿ ಇಲ್ಲ, ಅತ್ತಿ ಕುರ್ಚಿ ಮ್ಯಾಲ ಕುಂತಲ್ಲೆ ತೂಕಡಸ್ತಿದ್ರು, ಕೌಂಟರಿನ ಹುಡುಗಿ ಡಿಪಾಸಿಟ್ ಅಂದ್ಲು, ನಮ್ಮ ಮನಿಯವ್ರು ಕಿಸೆದಾಗ ಮೊದಲು ಕೈಗೆ ಸಿಕ್ಕದ್ದು ಕೊಟ್ರು. ಅದು ಫಾರೆಕ್ಸ್ ಕಾರ್ಡು. "ಅಪ್ಪಾ, 200 ಡಾಲರ್ ಹೋತು!" ಅಂತ ಮಗಳು ಮೊಬೈಲ್ ತೋರಿಸಿದ್ಲು. ಹೋಗಿರಲಿಲ್ಲ, ಬ್ಲಾಕ್ ಆಗಿತ್ತು. ರೂಮಿನ್ಯಾಗ ಏನರ ಮುರಿದ್ರ, ಮಿನಿಬಾರ್ ಮುಟ್ಟಿದ್ರ ಅಂತ ಹೋಟೆಲಿನವ್ರು ರೊಕ್ಕ ಕಟ್ಟಿ ಹಾಕಿಡ್ತಾರ. ಕ್ರೆಡಿಟ್ ಕಾರ್ಡಾದ್ರ ನಮ್ಮ ಲಿಮಿಟ್ಟಿನ್ಯಾಗ ಅಷ್ಟು ಕಡಿಮಿ ಆಗ್ತದ, ಜೇಬಿಗೆ ಗೊತ್ತಾಗಂಗಿಲ್ಲ. ಪ್ರಿಪೇಯ್ಡಿನ್ಯಾಗ ನಾವು ತುಂಬಿದ ರೊಕ್ಕನ ಸಿಕ್ಕೊಂಡು ಬೀಳ್ತದ. ರೂಮ್ ಖಾಲಿ ಮಾಡುವಾಗ "ನಮ್ಮ ಕಡೆಯಿಂದ ಬಿಟ್ಟೀವಿ, ನಿಮ್ಮ ಬ್ಯಾಂಕು ಟೈಮ್ ತಗೊಳ್ತದ" ಅಂದ್ರು. ಬ್ಯಾಂಕಿಗೆ ಮೇಲ್ ಹಾಕಿದ್ರ ಹೋಟೆಲಿನ ಕಡೆಯಿಂದ ಬರಬೇಕು ಅಂದ್ರು. ಆ 200 ವಾಪಸ್ ಬಂದದ್ದು ಹತ್ತೊಂಬತ್ತನೇ ದಿನ, ಅಷ್ಟೊತ್ತಿಗೆ ನಾವು ರಾಯಚೂರಿನ್ಯಾಗ ಮಾವಿನಹಣ್ಣು ತಿನ್ಕೊಂತ ಕುಂತಿದ್ವಿ.

ಸೆರಂಗೂನ್ ರೋಡಿನ್ಯಾಗ, ಲಿಟ್ಲ್ ಇಂಡಿಯಾದಾಗ, ರೊಕ್ಕ ಬದಲು ಮಾಡೋ ಸಣ್ಣ ಸಣ್ಣ ಅಂಗಡಿ ಸಾಲಾಗಿ ಅದಾವ. ಪಾನ್ ಡಬ್ಬಿಗಿಂತ ಒಂದೀಟು ದೊಡ್ಡವು. ಬೋರ್ಡಿನ ಮ್ಯಾಲ ಕೆಂಪು ಅಂಕಿ ಓಡ್ತಿರ್ತಾವ, ಕೊಳ್ಳೋ ದರ ಒಂದು ಕಡೆ, ಮಾರೋ ದರ ಇನ್ನೊಂದು ಕಡೆ, ಬಚ್ಚಿಡೋದೇನಿಲ್ಲ, ಎರಡರ ನಡುವಿನದ್ದ ಅವನ ಹೊಟ್ಟಿಪಾಡು ಅಂತ ಕಣ್ಣಿಗೆ ಕಾಣ್ತದ. ಮೂರು ಅಂಗಡಿ ಕೇಳಿ, ಎಟಿಎಮ್ಮಿನ್ಯಾಗ ಕಾರ್ಡಿಂದ ತಗದದ್ದು, ಊರಿಂದ ಒಯ್ದದ್ದು ಕೂಡಿಸಿ 450 ಡಾಲರ್ ಕೊಟ್ವಿ. ಗೂಗಲಿನ್ಯಾಗ 3.31 ಇತ್ತು, ಅವ 3.29 ಕೊಟ್ಟ, 1,480 ರಿಂಗಿಟ್ ಮತ್ತ ಚಿಲ್ಲರೆ. ನೂರಕ್ಕ ಒಂದೂ ಇಲ್ಲ ವಟ್ಟ. ನೋಟು ಎಣಿಸೋದು ನೋಡಬೇಕಿತ್ತು ನೀವು, ಎಡಗೈ ಬೆರಳಿನ ನಡುವ ಕಟ್ಟು ಸಿಗಸಿ ಬಲ ಹೆಬ್ಬೆರಳಿಂದ ಪಟಪಟ ಮಡಚಿ, ಕೊನೀ ನೋಟಿಗೆ ಒಂದು ಸಣ್ಣ ಚಟಿಕಿ. ಗಂಜಿನ್ಯಾಗ ಕ್ಯಾಶಿಯರ್ ಎಣಿಸ್ತಿದ್ದದ್ದು ಹಿಂಗನ. ನಾನು ಒಂದು ಗಳಿಗಿ ಹಂಗ ನಿಂತಬಿಟ್ಟೆ, ಹಿಂದಿನವ್ರು "ಎಕ್ಸ್‌ಕ್ಯೂಸ್ ಮಿ" ಅಂದ ಮ್ಯಾಲ ಸರಿದೆ.

ಬಸ್ಸಿನ್ಯಾಗ ಕೌಲಾಲಂಪುರಕ್ಕ ಹೋದ್ವಿ. ಅಲ್ಲಿ ನೋಟು ಇದ್ದದ್ದ ಒಳ್ಳೇದಾತು. ಹೋಟೆಲಿನ್ಯಾಗ ಇಳಿದ ಕೂಡಲೇ ಟೂರಿಸಂ ಟ್ಯಾಕ್ಸ್ ಅಂತ ಫಾರಿನ್ ಮಂದಿಗೆ ರೂಮಿಗೆ, ರಾತ್ರಿಗೆ 10 ರಿಂಗಿಟ್, ಮೂರು ರಾತ್ರಿಗೆ 30. ಬಾಟು ಕೇವ್ಸಿಗೆ ಹೋದಾಗ ಸುಮಾರು 43 ಮೀಟರ್ ಎತ್ತರದ ಬಂಗಾರ ಬಣ್ಣದ ಮುರುಗನ್ ನೋಡಿ ಅತ್ತಿ ಕೈ ಮುಗಿದು, 272 ಮೆಟ್ಟಲಾ ನೋಡಿ ಇನ್ನೊಮ್ಮೆ ಕೈ ಮುಗಿದು ಕೆಳಗ ಕುಂತ್ರು. ನಾವು ಇಳಿದು ಬರೋದ್ರಾಗ ಎಳನೀರಿನವನ ಜೊತಿ ಮಾತು ಬೆಳೆಸಿದ್ರು, ಅವ ತಮಿಳಿನ್ಯಾಗ, ಇವ್ರು ರಾಯಚೂರು ಕನ್ನಡದಾಗ. ಅವನ ಹತ್ರ ಕಾರ್ಡ್ ಮಷೀನ್ ಇರಲಿಲ್ಲ. ಅತ್ತಿ ಕುಪ್ಪಸದ ಚೀಲದಿಂದ 10 ರಿಂಗಿಟ್ ನೋಟು ತಗದು ಕೊಟ್ರು. ಅವ್ರಿಗೆ ಅದನ್ನ ಯಾವಾಗ ಯಾರು ಕೊಟ್ಟಿದ್ರು ಅಂತ ಇವತ್ತಿಗೂ ಬಗೆಹರಿದಿಲ್ಲ, ಮಗಳ ಮ್ಯಾಲ ಡೌಟು.

ಇನ್ನೊಂದು ಎಡವಟ್ಟು ಆಗಿದ್ದು ಮಗಳ ಬೂಟು ಕೊಳ್ಳುವಾಗ. 189 ರಿಂಗಿಟ್. ನೋಟು ಉಳಿಸೋಣಂತ ನಮ್ಮ ಮನಿಯವ್ರು ತಮ್ಮ ಕ್ರೆಡಿಟ್ ಕಾರ್ಡ್ ಕೊಟ್ರು. ಮಷೀನಿನ ಮ್ಯಾಲ ಎರಡು ಡಬ್ಬಿ ಬಂದ್ವು, ಒಂದರಾಗ 189 ರಿಂಗಿಟ್, ಇನ್ನೊಂದರಾಗ 4,007 ರೂಪಾಯಿ. ಪರದೇಶದಾಗ ನಮ್ಮ ರೂಪಾಯಿ ಕಂಡ್ರ ತವರುಮನಿಯವ್ರು ಕಂಡಂಗ ಆಗ್ತದ ನೋಡ್ರಿ, ಮಗಳು ಟಕ್ ಅಂತ ಅದನ್ನ ಒತ್ತಿದ್ಲು. ಲೆಕ್ಕ ಹಾಕಿದ್ರ ಗೂಗಲ್ ದರದಾಗ ಅದು 3,761. ಅಂಗಡಿಯವನ ಬ್ಯಾಂಕು ತನಗ ಬೇಕಾದ ದರದಾಗ ರೂಪಾಯಿ ಮಾಡಿ ತೋರಸ್ತದ, ಮಂದಿ ತಮ್ಮ ರೊಕ್ಕದ ಮುಖ ನೋಡಿ ಒಪ್ಕೊಳ್ತಾರ. ಯಾವ ದೇಶದಾಗ ನಿಂತೀರೋ ಆ ದೇಶದ ರೊಕ್ಕನ ಒತ್ತಬೇಕು, ಎಟಿಎಮ್ಮಿನ್ಯಾಗೂ ಹಂಗ. ಬೈಯಬೇಕಂದ್ರ ಯಾರಿಗೆ ಬೈತೀರಿ, ನಾನ ಅಲ್ಲೆ ನಿಂತಿದ್ದೆ, ಬೂಟಿನ ಬಣ್ಣ ನೋಡಾಕತ್ತಿದ್ದೆ.

ಹತ್ತೊಂಬತ್ತನೇ ದಿನ 200 ಬಂತು ಅಂದ್ನೆಲ್ಲ, ಮೊದಲ ಉಳಿದ ಚಿಲ್ಲರೆ ಸೇರಿ ಕಾರ್ಡಿನ್ಯಾಗ 211 ಡಾಲರ್ 40 ಸೆಂಟ್. ಮುಂದ ಯಾವಾಗ ಹೋಗ್ತೀವೋ, ಕಾರ್ಡ್ ಸುಮ್ಮನ ಬಿದ್ರ ಕೆಲವು ತಿಂಗಳಾದ ಮ್ಯಾಲ ಇನಾಕ್ಟಿವಿಟಿ ಫೀ ಅಂತ ಕಡೀತಾರ ಅಂತನೂ ಆ ಎರಡನೇ ಪುಟದಾಗಿತ್ತು. ಉಳಿದ ಫಾರಿನ್ ರೊಕ್ಕ ವಾಪಸ್ ಬಂದ 180 ದಿನದೊಳಗ ಮರಳಿ ಕೊಡಬೇಕು ಅನ್ನೋ ನಿಯಮ ಬ್ಯಾರೆ ಅದ, 2,000 ಅಮೆರಿಕನ್ ಡಾಲರಿನತನಕ ಇಟ್ಕೊಳ್ಳಾಕ ಅವಕಾಶ ಇದ್ರೂ. ತಿರುಗಿ ರೂಪಾಯಿ ಮಾಡಿಸಾಕ ಹೋದೆ. ಅವತ್ತು ಗೂಗಲಿನ್ಯಾಗ ಡಾಲರ್ ಏರಿ 67ರ ಹತ್ರ ಇತ್ತು, ಲಾಭ ಆಗಬಹುದು ಅಂತ ಒಂದು ಆಸೆ. ಬ್ಯಾಂಕಿನವ್ರು ಕೊಳ್ಳೋ ದರ 65.20. ನಾವು ತಗೊಂಡದ್ದು 67.60ಕ್ಕ. ಐದ್ನೂರರ ಮ್ಯಾಲ ಹೋತು.

ಅಜ್ಜಿ ಊರಿಗೆ ಹೋದಾಗ ಸಿಂಗಪುರದಿಂದ ತಂದ ಮೂವ್ ನಮೂನಿಯ ಒಂದು ಎಣ್ಣಿ ಬಾಟ್ಲಿ ಕೊಟ್ಟೆ, ಮೊಣಕಾಲಿಗೆ ಹಚ್ಕೊಂತ ಲೆಕ್ಕ ಪೂರಾ ಕೇಳಿದ್ಲು. ಹೋಟೆಲಿನವ್ರು ರೊಕ್ಕ ಕಟ್ಟಿ ಹಾಕಿದ್ದು ಆಕಿಗೆ ತಿಳೀತು, "ಒತ್ತಿ ಇಟ್ಕೊಂಡಂಗ" ಅಂದ್ಲು. ಬೂಟಿಂದೂ ತಿಳೀತು. ತಿರುಗಿ ಕೊಟ್ಟಾಗ ಕಡಿದದ್ದು ಹೇಳಿದಾಗ ಮಾತ್ರ ಎಣ್ಣಿ ಹಚ್ಚೋದು ನಿಲ್ಲಿಸಿದ್ಲು.

"ಹೋಗೂಮುಂದನೂ ವಟ್ಟ, ಬರೂಮುಂದನೂ ವಟ್ಟೇನು?"

"ಹ್ಞೂಂ ಅಜ್ಜಿ."

"ನಮ್ಮ ಸಾಹುಕಾರನೂ ಹಂಗ ಇದ್ದ ಬಿಡು" ಅಂದು ಇನ್ನೊಂದು ಮೊಣಕಾಲಿಗೆ ಹಚ್ಚಾಕ ಶುರು ಮಾಡಿದ್ಲು.

ಹೋದ ವಾರ ಆ ಬ್ಯಾಂಕಿನ ಹುಡುಗನ ಫೋನ್. ಯಾರೋ ಹೊಸದಾಗಿ ಲಗ್ನ ಆದವ್ರು ಬಾಲಿಗೆ ಹೊಂಟಾರಂತ, ಕಾರ್ಡ್ ಕೇಳಾಕ ಬಂದಾರಂತ. "ಮೇಡಂ, ಅವತ್ತು ನೀವು ಕ್ಯಾಲೆಂಡರ್ ಹಾಳಿ ಮ್ಯಾಲ ಬರಕೊಂಡು ಬಂದಿದ್ರಲ್ರಿ, ಅದರ ಫೋಟೊ ಇದ್ರ ಕಳಸ್ರಿ, ಅವ್ರಿಗೆ ತೋರಸ್ತೀನಿ. ನಮ್ಮ ಶೀಟ್ ಓದಿದ್ರ ಯಾರಿಗೂ ತಿಳಿಯಂಗಿಲ್ಲ." ಇಂಡೋನೇಷ್ಯಾದ ರುಪಿಯಾ ಕಾರ್ಡಿನ್ಯಾಗ ಅದನೋ ಇಲ್ಲೋ ಮೊದಲು ನೋಡಪಾ ಅಂತ ಹೇಳಿ, ಕಪಾಟಿನ್ಯಾಗಿಂದ ಹಾಳಿ ತಗದು ಫೋಟೊ ಹೊಡದು ಕಳಿಸಿದೆ.

ಐದು ನಿಮಿಷಕ್ಕ ಮೆಸೇಜ್ ಬಂತು: "ಮೇಡಂ, ಮೂರನೇ ಸಾಲಿನ್ಯಾಗ ವಟ್ಟ ಅಂತ ಬರದೀರಿ, ಹಂಗಂದ್ರ ಏನ್ರಿ?"